ಕೊಳದ ಸುತ್ತಲ ಕಲ್ಲು

ಈ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಕೇಳಿದಾಗ ನಾನು ಹಿಂದುಮುಂದು ನೋಡದೆ, "ಈಜುಕೊಳದ ಸುತ್ತ ಯಾವ ಕಲ್ಲು ಹಾಸಬೇಕೆಂಬುದನ್ನು ಕುರಿತು ಬರೆಯುತ್ತೇನೆ, ಸಾರ್" ಎಂದುಬಿಟ್ಟೆ. ಪಕ್ಕದಲ್ಲಿದ್ದ ಗೆಳೆಯರು ನಕ್ಕರು. ಸಾವಿರ ಅಡಿ ಕೊಳವೆಬಾವಿ ಕೊರೆದರೂ ನೀರು ಕಾಣದ ಜಿಲ್ಲೆಯಲ್ಲಿ ಹುಟ್ಟಿದವನು, ಅದೂ ಈಜು ಬಾರದವನು, ಈಜುಕೊಳದ ಮಾತೆತ್ತಿದರೆ ನಗದೆ ಇನ್ನೇನು ಮಾಡಿಯಾರು? ಅಧ್ಯಾಪಕರು ಮಾತ್ರ ನಗಲಿಲ್ಲ. "ಬರಿ. ಆದರೆ ನಿನಗೆ ಗೊತ್ತಿರುವಷ್ಟನ್ನೇ ಬರಿ" ಎಂದರು. ನನಗೆ ನೀರಿನ ವಿಷಯ ಹೆಚ್ಚು ಗೊತ್ತಿಲ್ಲ. ಕಲ್ಲಿನ ವಿಷಯ ಸ್ವಲ್ಪ ಗೊತ್ತು.

ನಮ್ಮ ತಂದೆಯವರು ಕಲ್ಲುಕೆಲಸದವರು. ಅವರ ತಂದೆಯೂ ಅದೇ ಕೆಲಸದಲ್ಲಿ ಬಾಳು ಸವೆಸಿದವರು. ಚಪ್ಪಡಿ ಸೀಳುವುದು, ಹೊಸ್ತಿಲು ಕಡಿದುಕೊಡುವುದು, ದ್ರಾಕ್ಷಿಯ ಚಪ್ಪರಕ್ಕೆ ಕಲ್ಲುಕೂಚ ಒದಗಿಸುವುದು, ಇಷ್ಟೇ ಒಂದು ಕಾಲಕ್ಕೆ ಅವರ ವೃತ್ತಿಯಾಗಿತ್ತು. ಈಚೆಗೆ ನಂದಿಬೆಟ್ಟದ ಸುತ್ತಮುತ್ತ ಬೆಂಗಳೂರಿನವರ ತೋಟದ ಮನೆಗಳೂ ವಿಹಾರಧಾಮಗಳೂ ಒಂದರ ಹಿಂದೊಂದು ಎದ್ದಿವೆ. ಅವುಗಳಲ್ಲಿ ಹಲವಕ್ಕೆ ಈಜುಕೊಳವೂ ಉಂಟು. ಕೊಳವನ್ನು ಕಟ್ಟುವವರು ಬೇರೆ ಕಡೆಯಿಂದ ಬರುತ್ತಾರೆ. ಅದರ ಸುತ್ತಲ ನೆಲಗಟ್ಟನ್ನು ಹಾಸುವವರು ಮಾತ್ರ ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ನಮ್ಮಂಥವರೇ. ಆದುದರಿಂದ ಈ ವಿಷಯದಲ್ಲಿ ಬಾಯಿಹಾಕಲು ನಮಗೆ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಎರಡು ವರ್ಷದ ಕೆಳಗೆ ಅಂಥದೊಂದು ಮನೆಯ ಕೆಲಸ ನಮ್ಮ ತಂದೆಗೆ ಬಂತು. ಮನೆಯ ಹೆಸರಾಗಲಿ ಯಜಮಾನರ ಹೆಸರಾಗಲಿ ಇಲ್ಲಿ ಬೇಡ, ಅವರು ಸಜ್ಜನರು. ಕೊಳ 30 ಅಡಿ ಉದ್ದ, 15 ಅಡಿ ಅಗಲ, 5 ಅಡಿ ಆಳ. ಅದರ ಸುತ್ತ ಆರಡಿ ಅಗಲಕ್ಕೆ ನೆಲಗಟ್ಟು ಆಗಬೇಕಾಗಿತ್ತು. ಬೆಂಗಳೂರಿನಿಂದ ನಕ್ಷೆ ತಂದಿದ್ದವರು ಬೆಂಚಿನ ಮೇಲೆ ಮಾದರಿಗಳನ್ನು ಸಾಲಾಗಿ ಇಟ್ಟರು: ಹೊಳಪು ಕೊಟ್ಟ ಕಪ್ಪು ಗ್ರಾನೈಟು, ವಿಟ್ರಿಫೈಡ್ ಟೈಲು, ಕಡಪದ ಕಲ್ಲು, ಶಹಾಬಾದಿನ ಕಲ್ಲು, ಮರದ ಹಲಗೆ. ಕೊನೆಯಲ್ಲಿ, ಕರೆಯದೆ ಬಂದ ನೆಂಟನಂತೆ, ನಮ್ಮ ಕಡೆಯ ಬೂದುಬಣ್ಣದ ಕಲ್ಲಿನ ಒಂದು ಚೂರು. ಅದನ್ನು ಇಟ್ಟವರು ನಮ್ಮ ತಂದೆ.

ಯಜಮಾನರ ಕಣ್ಣು ಕಪ್ಪು ಕಲ್ಲಿನ ಮೇಲೆ ಹೋಯಿತು. ಹೋಗದೆ ಇರುವುದು ಹೇಗೆ? ಅದರಲ್ಲಿ ಆಕಾಶವೂ ಕಾಣುತ್ತಿತ್ತು, ಬೆಟ್ಟವೂ ಕಾಣುತ್ತಿತ್ತು.

"ಸ್ವಾಮೀ, ನೀರಿನ ಪಕ್ಕಕ್ಕೆ ಹೊಳಪು ಬೇಡಿ. ಇದೇ ನಮ್ಮ ಕಲ್ಲಿಗೆ ಉಳಿ ಹೊಡೆದು ಹಾಸ್ಕೊಡ್ತೀನಿ" ಎಂದರು ನಮ್ಮ ತಂದೆ.

"ಅದು ಊರ ಬಾವಿಕಟ್ಟೆ ಥರ ಕಾಣುತ್ತೆ, ಮೇಸ್ತ್ರಿ" ಎಂದು ಯಜಮಾನರು ನಕ್ಕರು.

ಕೂಲಿಗೆ ನಿಂತವನು ಎರಡನೆಯ ಸಲ ಹೇಳುವುದಿಲ್ಲ. ಕಪ್ಪು ಕಲ್ಲನ್ನೇ ಹಾಸಿದೆವು. ಹಾಸಿದೆವು ಎಂದೆ, ಏಕೆಂದರೆ ರಜೆಯಲ್ಲಿ ಸಿಮೆಂಟು ಕಲಸುವುದಕ್ಕೆ ನಾನೂ ಹೋಗಿದ್ದೆ. ನಿಜ ಹೇಳುವುದಾದರೆ ನನಗೂ ಆ ಕಲ್ಲು ತುಂಬ ಹಿಡಿಸಿತ್ತು. ತಂದೆಯವರ ಮಾತು ಹಳೆಯ ಕಾಲದವರ ಮೊಂಡುತನವೆಂದೇ ಎಣಿಸಿದ್ದೆ. ಕೆಲಸ ಮುಗಿದ ದಿನ ಆ ನೆಲದಲ್ಲಿ ನನ್ನ ಮುಖ ನೋಡಿಕೊಂಡು ತಲೆ ಬಾಚಿಕೊಂಡುದೂ ಉಂಟು.

ಮುಂದೆ ಅದೇ ಮನೆಯಲ್ಲಿ ಗುಡಿಸಿ ಒರೆಸುವ ಕೆಲಸ ನಮ್ಮ ತಾಯಿಗೆ ಸಿಕ್ಕಿತು. ಕಾರ್ತಿಕದ ಒಂದು ಬೆಳಿಗ್ಗೆ, ಸೋನೆ ಹಿಡಿದಿದ್ದಾಗ, ಕೈಯಲ್ಲಿ ಬಕೆಟ್ಟು ಹಿಡಿದು ಕೊಳದ ಪಕ್ಕ ನಡೆಯುತ್ತಿದ್ದವರು ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಕೈಗೆ ಪಟ್ಟಿ. ಆಸ್ಪತ್ರೆಯ ಖರ್ಚನ್ನೆಲ್ಲ ಯಜಮಾನರೇ ಕೊಟ್ಟರೆಂಬುದನ್ನು ಮುಚ್ಚಿಡಬಾರದು. ಆ ಆರು ವಾರ ಮನೆಯಲ್ಲಿ ಮುದ್ದೆ ತೊಳಸುವ ಪಾಳಿ ನನ್ನದಾಯಿತು. ಗಂಟು ಕಟ್ಟಿದ ಆ ಮುದ್ದೆಗಳನ್ನು ಕುರಿತು ಬರೆಯಹೊರಟರೆ ಅದೇ ಒಂದು ಲೇಖನವಾದೀತು. ಒಂದು ರಾತ್ರಿ ತಾಯಿಯವರು ತಮ್ಮಷ್ಟಕ್ಕೆ ತಾವೇ ನಕ್ಕು, "ನೀರಲ್ಲಿ ಆಡೋರು ಒಬ್ಬರೂ ಬೀಳಲಿಲ್ಲ ನೋಡು ಮಗಾ, ನೆಲ ಒರೆಸೋಳು ಬಿದ್ದೆ" ಎಂದರು.

ಆ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ಮನೆಯವರು ಕೊಳಕ್ಕೆ ಇಳಿಯುವುದು ತಿಂಗಳಿಗೆ ಎರಡು ಭಾನುವಾರ, ಎಂದರೆ ವರ್ಷಕ್ಕೆ 24 ದಿನ. ನಮ್ಮ ತಾಯಿ ಅದೇ ನೆಲದ ಮೇಲೆ ದಿನಕ್ಕೆ ಎರಡು ಸಲ ನಡೆಯುತ್ತಿದ್ದರು. ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ, ಅದೂ ನೀರನ್ನೂ ಸಾಬೂನನ್ನೂ ಹಾಕಿಕೊಂಡು. ಕಲ್ಲನ್ನು ಆರಿಸಿದವರು ಅದನ್ನು ಕುರ್ಚಿಯಲ್ಲಿ ಕುಳಿತು ಒಣಗಿದ್ದಾಗ ನೋಡಿದವರು. ಅದರ ಮೇಲೆ ಹೆಚ್ಚಾಗಿ ಓಡಾಡುವವರನ್ನು ಯಾರೂ ಕೇಳಲಿಲ್ಲ. ನನ್ನ ಅಭಿಪ್ರಾಯವೆಲ್ಲ ಇಷ್ಟೆ: ನೀರಿನ ಪಕ್ಕದ ಕಲ್ಲನ್ನು ಕಣ್ಣಿನಿಂದ ಆರಿಸಬಾರದು, ಬರಿಗಾಲಿನಿಂದ ಆರಿಸಬೇಕು, ಅದೂ ನೆಲ ಒರೆಸುವವರ ಕಾಲಿನಿಂದ.

ನುಣುಪಾದ ಕಲ್ಲು ಏಕೆ ಜಾರುತ್ತದೆಂಬುದು ಗಹನವಾದ ಶಾಸ್ತ್ರವೇನೂ ಅಲ್ಲ. ಅಂಗಾಲಿಗೂ ಕಲ್ಲಿಗೂ ನಡುವೆ ಸಿಕ್ಕಿದ ನೀರು ಹೊರಕ್ಕೆ ಹೋಗಬೇಕು. ತರಿತರಿಯಾದ ಕಲ್ಲಿನಲ್ಲಿ ಅದು ತಗ್ಗುಗಳಲ್ಲಿ ಸರಿದುಹೋಗಿ, ಉಬ್ಬುಗಳು ಕಾಲನ್ನು ಹಿಡಿಯುತ್ತವೆ. ಕನ್ನಡಿಯಂಥ ಕಲ್ಲಿನಲ್ಲಿ ನೀರಿಗೆ ಹಾದಿಯಿಲ್ಲ. ಕಾಲು ನೀರಿನ ಪೊರೆಯ ಮೇಲೆ ತೇಲುತ್ತದೆ. ಜರ್ಮನಿಯವರು ಇದಕ್ಕೊಂದು ಪರೀಕ್ಷೆಯನ್ನೇ ಏರ್ಪಡಿಸಿದ್ದಾರೆ. ಡಿ.ಐ.ಎನ್. 51097 ಎಂಬುದು ಅದರ ಹೆಸರು. ಪರೀಕ್ಷಿಸಬೇಕಾದ ಕಲ್ಲನ್ನು ಏರಿಳಿಸಬಹುದಾದ ಹಲಗೆಗೆ ಕೂಡಿಸಿ, ಸಾಬೂನಿನ ನೀರು ಹರಿಸಿ, ಬರಿಗಾಲಿನ ಮನುಷ್ಯನನ್ನು ಅದರ ಮೇಲೆ ನಡೆದಾಡಿಸುತ್ತಾರೆ. ಬೀಳದಂತೆ ಅವನಿಗೆ ಆಸರೆ ಕಟ್ಟಿರುತ್ತಾರೆ. ಹಲಗೆಯ ಓರೆಯನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋಗುತ್ತಾರೆ. 12 ಡಿಗ್ರಿಯ ಓರೆಯವರೆಗೆ ಕಾಲು ನಿಂತರೆ 'ಎ' ದರ್ಜೆ, 18ರವರೆಗೆ ನಿಂತರೆ 'ಬಿ', 24ರವರೆಗೆ ನಿಂತರೆ 'ಸಿ'. ಬಟ್ಟೆ ಬದಲಿಸುವ ಕೋಣೆಗೆ 'ಎ' ಸಾಕು. ಕೊಳದ ಸುತ್ತಲಿಗೆ 'ಬಿ' ಬೇಕು. ನೀರಿಗಿಳಿಯುವ ಮೆಟ್ಟಿಲಿಗೂ ಓರೆಯಾದ ಅಂಚಿಗೂ 'ಸಿ' ಬೇಕು. ಬಿ.ಎ. ಪರೀಕ್ಷೆಯಲ್ಲಿ ದರ್ಜೆ ತಪ್ಪಿದರೆ ಮುಂದಿನ ವರ್ಷ ಮತ್ತೆ ಕೂರಬಹುದು. ಈ ಪರೀಕ್ಷೆಯನ್ನು ಮನೆಯಲ್ಲಿ ತಿಳಿಯದೆ ಬರೆದವರಿಗೆ ಆ ಸೌಕರ್ಯವಿಲ್ಲ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಕಂಡಿತು. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಮೊಹೆಂಜೊದಾರೊ ನಗರದ ದೊಡ್ಡ ಸ್ನಾನದ ಕೊಳವನ್ನು ನಾವೆಲ್ಲ ಪಠ್ಯದಲ್ಲಿ ಓದಿದ್ದೇವೆ. ಅದರ ಇಟ್ಟಿಗೆಯನ್ನೂ, ನೀರು ಸೋರದಂತೆ ಬಳಿದ ಅರಗಿನಂಥ ಡಾಮರನ್ನೂ ಬಾಯಿಪಾಠ ಮಾಡಿದ್ದೇವೆ. ಆದರೆ ಅದರ ಮೆಟ್ಟಿಲುಗಳ ಮೇಲೆ ಮರದ ಹಲಗೆಗಳನ್ನು ಕೂರಿಸಿದ್ದರೆಂಬ ಮಾತನ್ನು ನಾನು ಪರೀಕ್ಷೆಗೆ ಬೇಡವೆಂದು ಬಿಟ್ಟುಬಿಟ್ಟಿದ್ದೆ. ಒದ್ದೆ ಕಾಲಿನ ಚಿಂತೆ ಅವರಿಗೂ ಇತ್ತೋ ಏನೊ!

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಂದಿಯ ಭೋಗನಂದೀಶ್ವರನ ಗುಡಿಗೆ ಹೋಗದವರು ನಮ್ಮ ಕಾಲೇಜಿನಲ್ಲಿ ಯಾರಿದ್ದಾರೆ? ಅಲ್ಲಿಯ ಶೃಂಗಿತೀರ್ಥದ ಸುತ್ತಲ ಸೋಪಾನಗಳನ್ನು ಚಿತ್ರ ತೆಗೆಸಿಕೊಳ್ಳುವುದಕ್ಕೆ ಮಾತ್ರ ನೋಡಿದ್ದೇವೆ. ತಾಯಿಯವರು ಬಿದ್ದ ಮೇಲೆ ನಾನೊಮ್ಮೆ ಚಪ್ಪಲಿಯನ್ನು ಹೊರಗೆ ಬಿಟ್ಟು ಆ ಮೆಟ್ಟಿಲುಗಳ ಮೇಲೆ ಕಾಲಿನಿಂದಲೇ ಓದುವವನಂತೆ ನಿಧಾನವಾಗಿ ನಡೆದೆ. ಗುಡಿಯ ಕಂಬಗಳಲ್ಲಿ ನಯವಾದ ಕೆಲಸ ಮಾಡಬಲ್ಲವರಿಗೆ ಮೆಟ್ಟಿಲನ್ನು ನಯಮಾಡುವುದು ಕಷ್ಟವಾಗಿತ್ತೆ? ಕಲ್ಯಾಣಮಂಟಪದ ಕಂಬಗಳಲ್ಲಿ ಬಳ್ಳಿಯ ಎಲೆಯೆಲೆಯೂ ಹೊಳೆಯುವಂತೆ ಕಡೆದಿದ್ದಾರೆ. ನೀರಿನ ಬಳಿಗೆ ಬಂದಾಗ ಉಳಿಯ ಕೆಲಸವನ್ನು ಒರಟಾಗಿಯೇ ನಿಲ್ಲಿಸಿದ್ದಾರೆ. ಎಲ್ಲಿ ನಿಲ್ಲಿಸಬೇಕೆಂಬುದೂ ಕಸುಬಿನ ಒಂದು ಭಾಗವೆಂದು ನಮ್ಮ ತಂದೆ ಹೇಳುತ್ತಾರೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ನೀರಿನ ಮಟ್ಟದ ಹತ್ತಿರ ಪಾಚಿ ಕಟ್ಟಿದ ಕಡೆ ಆ ಒರಟು ಕಲ್ಲೂ ಜಾರುತ್ತದೆ. ಹಳೆಯ ಕಲ್ಲೆಂದ ಮಾತ್ರಕ್ಕೆ ಅದು ದೇವರಲ್ಲ. ತಿಕ್ಕಿ ತೊಳೆಯುವ ಕೈ ಅದಕ್ಕೂ ಬೇಕು.

ಇನ್ನುಳಿದ ಮಾದರಿಗಳ ಮಾತು. ಕಡಪದ ಕಲ್ಲೂ ಶಹಾಬಾದಿನ ಕಲ್ಲೂ ಸುಣ್ಣಕಲ್ಲಿನ ಜಾತಿಯವು. ಮನೆಯ ಒಳಗೆ ತಂಪಾಗಿ ಸೊಗಸಾಗಿರುತ್ತವೆ. ಈಜುಕೊಳದ ನೀರನ್ನು ಹದದಲ್ಲಿಡಲು, ಅಂದರೆ ಅದರ ಪಿಎಚ್ ಮಾನವನ್ನು 7.2ರಿಂದ 7.8ರ ನಡುವೆ ನಿಲ್ಲಿಸಲು, ಆಗಾಗ ಹೈಡ್ರೋಕ್ಲೋರಿಕ್ ಆಮ್ಲವನ್ನು ಬೆರೆಸುತ್ತಾರೆ. ಆ ಆಮ್ಲ ನಾಲ್ಕು ಹನಿ ಚೆಲ್ಲಿದರೆ ಸುಣ್ಣಕಲ್ಲು ನೊರೆಗಟ್ಟಿ ತಿಂದುಹೋಗುತ್ತದೆ. ಟೈಲುಗಳಲ್ಲಿ ತರಿಮುಖದವೂ ಉಂಟು, ಅವು ಮೇಲೆ ಹೇಳಿದ ಪರೀಕ್ಷೆಯಲ್ಲಿ ತೇರ್ಗಡೆಯೂ ಆಗುತ್ತವೆ. ಕೊಳ್ಳುವವರು ಅಂಗಡಿಯಲ್ಲಿ ದರ್ಜೆ ಯಾವುದೆಂದು ಕೇಳಿ ಕೊಂಡರೆ ನನ್ನ ತಕರಾರಿಲ್ಲ. ಮರದ ಹಲಗೆ ಕಾಲಿಗೆ ಹಿತ; ನಮ್ಮ ಕಡೆಯ ಗೆದ್ದಲಿಗೂ ಹಿತ.

ಬಿಸಿಲಿನ ಪ್ರಶ್ನೆಯೊಂದಿದೆ. ಚಿಂತಾಮಣಿಯ ನನ್ನ ಗೆಳೆಯನೊಬ್ಬ, "ನಿಮ್ಮ ಕಲ್ಲು ಚೈತ್ರದಲ್ಲಿ ಕಾದ ಹೆಂಚಾಗುತ್ತದಲ್ಲಾ" ಎಂದು ಕೇಳಿದ. ಬೇಸಗೆಯ ಮಧ್ಯಾಹ್ನ ಗುಡಿಯ ಅಂಗಳದಲ್ಲಿ ಪ್ರದಕ್ಷಿಣೆಗೆಂದು ಹೊರಟು ಓಟಕಿತ್ತವರಿಗೆಲ್ಲ ಅದು ಗೊತ್ತು. ಕಪ್ಪು ಕಲ್ಲು ಬೂದು ಕಲ್ಲಿಗಿಂತ ಹೆಚ್ಚು ಕಾಯುತ್ತದೆ, ಅಷ್ಟರಮಟ್ಟಿಗೆ ನಮ್ಮ ಕಲ್ಲು ಮೇಲು. ಆದರೂ ಏಪ್ರಿಲಿನ ಒಂದು ಗಂಟೆಯ ಬಿಸಿಲಿಗೆ ಯಾವ ಬೆಣಚುಕಲ್ಲೂ ತಂಪಾಗಿರಲಾರದು. ಪಡುವಣ ದಿಕ್ಕಿಗೆ ಒಂದು ಹೊಂಗೆಯ ಮರ ನೆಟ್ಟರೆ ಸಂಜೆಯ ಬಿಸಿಲಿಗೆ ತಡೆಯಾದೀತು. ಅದರ ಎಲೆ ಉದುರಿ ಕೊಳಕ್ಕೆ ಬೀಳುತ್ತದೆಂದರೆ, ಗುಡಿಸುವವರು ಹೇಗೂ ಇದ್ದಾರೆ!

ನೆಲ ಸದಾ ಒದ್ದೆಯಾಗಿರುವ ಕಡೆ ಜನ ಏನು ಮಾಡುತ್ತಾರೆಂದು ತಿಳಿಯಬೇಕಾದರೆ ಶಿಡ್ಲಘಟ್ಟದ ರೇಷ್ಮೆಯ ರೀಲಿಂಗ್ ಮನೆಗಳಿಗೆ ಹೋಗಿ ನೋಡಬೇಕು. ಬೇಯುವ ಗೂಡಿನ ನೀರು, ಹುಳುವಿನ ಜಿಡ್ಡು, ಅದರ ಮೇಲೆ ದಿನವಿಡೀ ಹೆಂಗಸರ ಓಡಾಟ. ನನ್ನ ಸಹಪಾಠಿಯೊಬ್ಬನ ಮನೆಯ ಘಟಕದಲ್ಲಿ ಹಾಸಿದ್ದುದು ಒರಟು ಚಪ್ಪಡಿ. "ನುಣುಪು ಕಲ್ಲು ಯಾಕೆ ಹಾಕಿಸಲಿಲ್ಲ?" ಎಂದು ಕೇಳಿದೆ. ಅವನ ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಯಾಕಪ್ಪಾ, ನಮ್ಮ ಸೊಂಟ ಮುರೀಲಿ ಅಂತಲಾ?" ಎಂದರು.

ಇಷ್ಟೆಲ್ಲ ಹೇಳಿ ಒರಟು ಕಲ್ಲಿಗೇ ಜೈ ಎನ್ನುವ ಮೊದಲು ನನ್ನನ್ನು ಬಾಧಿಸುವ ಒಂದು ಸಂಗತಿಯನ್ನು ಬರೆಯದಿದ್ದರೆ ಈ ಲೇಖನ ಸುಳ್ಳಾಗುತ್ತದೆ. ಕಲ್ಲನ್ನು ಒರಟು ಮಾಡುವ ಉಳಿಯೇಟಿನಿಂದ ದೂಳು ಏಳುತ್ತದೆ. ಬೆಣಚುಕಲ್ಲಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕುಳಿತು ಗಾಯಮಾಡಿ, ಸಿಲಿಕೋಸಿಸ್ ಎಂಬ ಬೇನೆಯನ್ನು ತರುತ್ತದೆ. ಬಂದಮೇಲೆ ಅದನ್ನು ವಾಸಿಮಾಡುವ ಮದ್ದಿಲ್ಲ. ನಮ್ಮ ತಾತ ಕೊನೆಯ ವರ್ಷಗಳಲ್ಲಿ ಮಲಗಲಾರದೆ ಗೋಡೆಗೊರಗಿ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಮನೆಯಲ್ಲಿ ಅದನ್ನು 'ದಮ್ಮು' ಎನ್ನುತ್ತಿದ್ದರು. ನಮ್ಮ ತಂದೆಗೂ ಕೆಮ್ಮಿದೆ. ಕಲ್ಲು ತೆಗೆಯುವಲ್ಲಿಯ ಅಪಾಯ ಇನ್ನೂ ದೊಡ್ಡದು. 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಕ್ವಾರಿಯ ಸ್ಫೋಟಕ ಸಿಡಿದು 6 ಮಂದಿ ಸತ್ತುದನ್ನು ಓದುಗರು ಮರೆತಿರಲಾರರು. ತಾಯಿಯ ಕೈಯನ್ನು ಉಳಿಸಲು ತಂದೆಯ ಎದೆಯನ್ನು ಕೊಡಬೇಕೆ? ಈ ಪ್ರಶ್ನೆಗೆ ಹಲವು ರಾತ್ರಿ ನನ್ನಲ್ಲಿ ಉತ್ತರವಿರಲಿಲ್ಲ.

ಅರ್ಧ ಉತ್ತರ ಈಗ ಇದೆ. ಕಲ್ಲನ್ನು ಯಂತ್ರದಲ್ಲಿ ನೀರು ಸುರಿಸುತ್ತ ಕೊಯ್ದರೆ ದೂಳು ಬಹುಮಟ್ಟಿಗೆ ಕೆಸರಾಗಿ ಹರಿದುಹೋಗುತ್ತದೆ. ಆ ಮೇಲೆ ಉಳಿಗೆ ಬದಲಾಗಿ ಬೆಂಕಿ ಹಾಯಿಸುವ ವಿಧಾನವೊಂದುಂಟು. ಆಮ್ಲಜನಕವನ್ನೂ ಅನಿಲವನ್ನೂ ಕೂಡಿಸಿ ಉರಿಸುವ ಜ್ವಾಲೆಯನ್ನು ಕಲ್ಲಿನ ಮೇಲೆ ಆಡಿಸಿದಾಗ, ಅದರೊಳಗಿನ ಸ್ಫಟಿಕದ ಕಣಗಳು ಹಿಗ್ಗಿ ಮೇಲ್ಪದರ ಚಿಟಪಟನೆ ಸಿಡಿದು ತರಿಯಾಗುತ್ತದೆ. ಸುಮಾರು 573 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸ್ಫಟಿಕದ ಒಳರಚನೆಯೇ ಬದಲಾಗುವುದು ಇದಕ್ಕೆ ಕಾರಣ. ಸುಣ್ಣಕಲ್ಲಿಗೆ ಈ ಆಟ ನಡೆಯದು. ನಮ್ಮ ಬೂದು ಕಲ್ಲಿಗೆ ಚೆನ್ನಾಗಿ ಒಗ್ಗುತ್ತದೆ. ಕಣ್ಣಿಗೂ ಮೂಗಿಗೂ ರಕ್ಷೆ ಇದಕ್ಕೂ ಬೇಕು. ಕಲ್ಲು ಕೊಳ್ಳುವವರು ಬಣ್ಣವನ್ನೂ ಬೆಲೆಯನ್ನೂ ಕೇಳುವಂತೆ, "ನೀರು ಹಾಕಿ ಕೊಯ್ದಿರಾ? ಕೆಲಸದವರಿಗೆ ಮೂಗುಪಟ್ಟಿ ಕೊಟ್ಟಿದ್ದೀರಾ?" ಎಂದು ಕೇಳುವ ರೂಢಿ ಇನ್ನೂ ಬಂದಿಲ್ಲ. ಇದನ್ನು ಓದುವ ಗೆಳೆಯರಲ್ಲಿ ಯಾರಾದರೂ ಮುಂದೆ ಮನೆ ಕಟ್ಟಿಸಿದಾಗ ಕೇಳಿದರೆ ನನಗೆ ಸಂತೋಷ.

ಮೊದಲು ನಕ್ಕ ಗೆಳೆಯರಿಗೂ ಒಂದು ಲೆಕ್ಕ ಒಪ್ಪಿಸಬೇಕು. ಆ ಕೊಳ ಹಿಡಿಯುವುದು 63,000 ಲೀಟರಿಗೂ ಮೇಲ್ಪಟ್ಟ ನೀರು. ದಿನಕ್ಕೆ 5 ಮಿಲಿಮೀಟರಿನಷ್ಟು ಆವಿಯಾದರೂ ಸುಮಾರು 200 ಲೀಟರ್ ಹೋಗುತ್ತದೆ. ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ನಲ್ಲಿನೀರು ಕೊಡಬೇಕೆಂಬುದು ಜಲಜೀವನ ಯೋಜನೆಯ ಲೆಕ್ಕ. ಹೆಚ್ಚುಕಡಮೆ ನಾಲ್ಕು ಜನರ ನೀರು ಆಕಾಶಕ್ಕೆ! ಅರ್ಕಾವತಿ, ಪಿನಾಕಿನಿಗಳಂಥ ಹೊಳೆಗಳು ಹುಟ್ಟುವ ಬೆಟ್ಟಸಾಲಿನ ಕೆಳಗಿದ್ದುಕೊಂಡು, ಬೆಂಗಳೂರಿನ ಕೊಳಚೆಯನ್ನು ಶುದ್ಧಿಮಾಡಿ ತಂದ ನೀರಿನಿಂದ ಕೆರೆ ತುಂಬಿಸಿಕೊಳ್ಳುತ್ತಿರುವ ನಮ್ಮ ಜಿಲ್ಲೆಯಲ್ಲಿ ಮನೆಗೊಂದು ಈಜುಕೊಳ ಬೇಕೆ ಎಂದು ಕೇಳಿದರೆ, ಬೇಡವೆಂದೇ ನಾನೂ ಹೇಳುತ್ತೇನೆ. ಆದರೆ ಕಟ್ಟಿದ ಕೊಳದ ಪಕ್ಕ ನಮ್ಮ ತಾಯಂದಿರು ನಡೆಯುತ್ತಿದ್ದಾರೆ. ಅಷ್ಟೇ ಅಲ್ಲ, ಹೂಳು ತೆಗೆಸಿ ಊರ ಕಲ್ಯಾಣಿಗಳನ್ನು ಸರಿಪಡಿಸುವ ಒಳ್ಳೆಯ ಕೆಲಸ ಈಚಿನ ವರ್ಷಗಳಲ್ಲಿ ಎಷ್ಟೋ ಕಡೆ ನಡೆದಿದೆ. ಅಂಥಲ್ಲಿ ಅಂದಕ್ಕೆಂದು ಮೆಟ್ಟಿಲ ಮೇಲೆ ಹೊಳೆಯುವ ಟೈಲು ಅಂಟಿಸುವ ಆಸೆ ಯಾರಿಗಾದರೂ ಬಂದರೆ, ದಯವಿಟ್ಟು ಬೇಡ. ಕಲ್ಯಾಣಿಗೆ ಇಳಿಯುವವರು ಮಕ್ಕಳು, ಕೊಡ ಹೊತ್ತವರು, ಪೂಜೆಗೆ ನೀರು ತರುವ ಮುದುಕರು.

ತಾಯಿಯವರ ಪಟ್ಟಿ ಬಿಚ್ಚಿದ ವಾರ ಯಜಮಾನರು ನಮ್ಮ ತಂದೆಯನ್ನು ಕರೆಸಿದರು. "ಈಗ ಯಾವ ಕಲ್ಲು ಹಾಕೋಣ, ಮೇಸ್ತ್ರಿ?" ಎಂದು ಕೇಳಿದರು. ತಂದೆಯವರು ಉತ್ತರ ಕೊಡಲಿಲ್ಲ. ಬೆಂಕಿ ಹಾಯಿಸಿದ ಬೂದು ಚಪ್ಪಡಿಯೊಂದನ್ನು ಕಪ್ಪು ನೆಲದ ಪಕ್ಕಕ್ಕೆ ಇಳಿಸಿ, ಎರಡರ ಮೇಲೂ ಸಾಬೂನಿನ ನೀರು ಚೆಲ್ಲಿ, "ಬೂಟ್ಸು ಬಿಚ್ಚಿ ನೀವೇ ಒಂದ್ಸಾರಿ ನಿಂತು ನೋಡಿ ಸ್ವಾಮೀ, ನನ್ನ ಭುಜ ಹಿಡ್ಕೊಳ್ಳಿ" ಎಂದರು. ಡಿ.ಐ.ಎನ್. ಎಂಬ ಮೂರಕ್ಷರವನ್ನು ನಮ್ಮ ತಂದೆ ಕೇಳಿದವರೇ ಅಲ್ಲ. ಯಜಮಾನರು ಕಪ್ಪು ಕಲ್ಲಿನ ಮೇಲೆ ಒಂದು ಹೆಜ್ಜೆ ಇಟ್ಟು ತಂದೆಯ ಭುಜವನ್ನು ಗಟ್ಟಿಯಾಗಿ ಹಿಡಿದರು. ಬೂದು ಕಲ್ಲಿನ ಮೇಲೆ ಬಂದು ಕೈ ಬಿಟ್ಟರು. ಬೇರೆ ಮಾತು ಬೇಕಾಗಲಿಲ್ಲ.

ಹನ್ನೊಂದು ದಿನದ ಕೆಲಸ. ಕೊಳದ ಕಡೆಯಿಂದ ಹೊರಕ್ಕೆ ಅಡಿಗೆ ಕಾಲಿಂಚು ಇಳಿಜಾರು ಕೊಟ್ಟು ಹಾಸಿದೆವು. ಚೆಲ್ಲಿದ ನೀರು ನಿಲ್ಲದೆ, ಕೊಳೆಯಾಗಿ ಕೊಳಕ್ಕೂ ಮರಳದೆ, ತೋಟದ ಕಡೆಗೇ ಹರಿಯಬೇಕು. ಕೆಲಸ ಮುಗಿದ ಸಂಜೆ ತಾಯಿಯವರು ಒಂದು ಬಕೆಟ್ಟು ನೀರು ಸುರಿದು, ಅದು ಸೀಬೆಯ ಗಿಡದ ಬುಡ ಮುಟ್ಟುವವರೆಗೂ ನೋಡುತ್ತ ನಿಂತರು. ಕಿತ್ತ ಕಪ್ಪು ಕಲ್ಲಿನಲ್ಲಿ ಎರಡು ತುಂಡನ್ನು ಯಜಮಾನರು ನಮಗೇ ಕೊಟ್ಟರು. ಅವನ್ನು ನಮ್ಮ ಅಡಿಗೆಮನೆಯ ಕಟ್ಟೆಗೆ ಹಾಕಿದ್ದೇವೆ. ಮುದ್ದೆಯ ಅಂಟು ಒಂದೇ ಒರೆಸಿಗೆ ಹೋಗುತ್ತದೆ. ಅಲ್ಲಿ ಆ ಹೊಳಪು ಬಹಳ ಚೆನ್ನಾಗಿದೆ.